ಹಳೇ ಸೀರೆ, ಬ್ಲೀಚಿಂಗ್ ಪೌಡರ್ ಮತ್ತು ದಿನಾ ಹತ್ತು ನಿಮಿಷ

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದವರು ನನ್ನನ್ನು ಶಾಲೆ ಅಂಗಳಕ್ಕೆ ಕರೆಸಿ, ಕುಡಿಯೋ ನೀರನ್ನು ಕಡಿಮೆ ಖರ್ಚಿನಲ್ಲಿ ಶುದ್ಧ ಮಾಡೋ ಬಗ್ಗೆ ಮಾತಾಡಿಸಿದ್ದರು. ಅಲ್ಲಿ ಆಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಮೈಕ್ ಎರಡು ಸಲ ಕೈಕೊಟ್ಟಿತ್ತು. ಹಿಂದೆ ಕೂತವರಿಗೆ ಅರ್ಧ ಕೇಳಿಸಲಿಲ್ಲ ಅಂತ ಆಮೇಲೆ ದೂರು ಬಂತು. ಈ ಬರಹ ಮೊದಲು ಅವರಿಗೆ.

ಎಲ್ಲರಿಗೂ ನಮಸ್ಕಾರ. ಭಾಷಣ ಆಮೇಲೆ, ಮೊದಲು ಒಂದು ಆಟ. ಈ ಮೇಜಿನ ಮೇಲೆ ಮೂರು ಗ್ಲಾಸು ನೀರು ಇದೆ. ಮೂರೂ ನಿಮ್ಮೂರಿನದೇ, ನೀವು ದಿನಾ ಕುಡಿಯೋದೇ. ಒಂದು ಹನುಮಪ್ಪನ ಗುಡಿ ಮುಂದಿನ ಬೋರಿನದು, ಒಂದು ಕೊನೇ ಓಣಿಯ ನಲ್ಲಿಯದು, ಇನ್ನೊಂದು ಫಿಲ್ಟರ್ ನೀರು, ಅದೇ ಕಾಯಿನ್ ಹಾಕಿ ಕ್ಯಾನಿನಲ್ಲಿ ತರ್ತೀರಲ್ಲ ಅದು. ಯಾವ ಗ್ಲಾಸಿನಲ್ಲಿ ಯಾವುದು ಅಂತ ಹೇಳೋದಿಲ್ಲ. ಯಾರಾದರೂ ಬಂದು ರುಚಿ ನೋಡಿ, ಯಾವುದು ಒಳ್ಳೇ ನೀರು ಹೇಳಿ.

ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ಎಪ್ಪತ್ತು ದಾಟಿರಬೇಕು. ಮೂರರಲ್ಲೂ ಒಂದೊಂದು ಗುಟುಕು ಕುಡಿದು ನಡುವಿನ ಗ್ಲಾಸು ಮುಟ್ಟಿ, "ಇದು ನೋಡಪಾ, ಸಕ್ಕರಿ ಇದ್ದಂಗ ಐತಿ. ಇದು ನಮ್ಮ ಹನುಮಪ್ಪನ ಗುಡಿ ನೀರು" ಅಂದರು. ಸರಿಯಾಗೇ ಹೇಳಿದರು. ಐವತ್ತು ವರ್ಷ ಒಂದೇ ಊರಿನ ನೀರು ಕುಡಿದ ನಾಲಿಗೆ ಅಂದರೆ ಅದು. ಫಿಲ್ಟರ್ ನೀರಿಗೆ "ಸಪ್ಪಗೈತಿ" ಅಂದರು, ನಲ್ಲಿ ನೀರಿಗೆ "ಇದೂ ಅಡ್ಡಿಯಿಲ್ಲ".

ಆಮೇಲೆ ನಾನು ಪರೀಕ್ಷೆ ಕಿಟ್ ತೆಗೆದೆ. ಗುಡಿ ನೀರಿಗೆ ಕಿಟ್‌ನ ದ್ರಾವಣ ಬಿಟ್ಟಾಗ ಕೆಂಪಗಿದ್ದ ಬಣ್ಣ ಮೆಲ್ಲಗೆ ಹಳದಿ ಕಡೆ ತಿರುಗಿತು. ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂಗಿಂತ ಮೇಲೆ. ನಮ್ಮ ದೇಶದ ಮಾನಕದ ಪ್ರಕಾರ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅನ್ನೋ ಕಡೆ 1.5ರ ತನಕ ಒಪ್ಪಬಹುದು. ಅಂದರೆ ಸಕ್ಕರೆಯಂಥ ಆ ನೀರೇ ಮೂರರಲ್ಲಿ ಹಲ್ಲಿಗೆ, ಎಲುಬಿಗೆ ಕೆಟ್ಟದ್ದು.

ಇದು ಅಜ್ಜಿಯ ತಪ್ಪಲ್ಲ. ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮ ಕಡೆ ನೀರಿಗೆ ಎರಡೇ ಜಾತಿ: ಸಿಹಿ ನೀರು, ಸವಳು ನೀರು. ಬೇಳೆ ಬೇಯದಿದ್ದರೆ, ಸೋಪು ನೊರೆ ಬರದಿದ್ದರೆ ಸವಳು. ಅಲ್ಲಿಗೆ ನಮ್ಮ ಪರೀಕ್ಷೆ ಮುಗೀತು. ಆದರೆ ಇಲ್ಲೊಂದು ತಮಾಷೆ ಇದೆ. ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದುಕೊಂಡು ಕಲ್ಲಿನ ಸಂದಿಯಲ್ಲೇ ಕೂರಿಸಿಬಿಡುತ್ತದೆ, ಸುಣ್ಣ ಕಡಿಮೆ ಇದ್ದರೆ ಫ್ಲೋರೈಡ್ ನೀರಿನಲ್ಲೇ ಕರಗಿ ಉಳಿಯುತ್ತದೆ. ಹಾಗಾಗಿ ಎಷ್ಟೋ ಕಡೆ ಬೇಳೆ ಚೆನ್ನಾಗಿ ಬೇಯೋ ಮೆತ್ತಗಿನ ನೀರಿನಲ್ಲೇ ಫ್ಲೋರೈಡ್ ಹೆಚ್ಚು. ಕುಷ್ಟಗಿ, ಯಲಬುರ್ಗಾ ಕಡೆ ನೆಲದಡಿ ಇರೋದು ಗ್ರಾನೈಟ್ ಜಾತಿಯ ಕಲ್ಲು. ಆ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಬೋರು ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜತೆ ವರ್ಷಗಟ್ಟಲೆ ಕೂತು ಅದನ್ನು ಕರಗಿಸಿಕೊಂಡಿರುತ್ತದೆ. ನೂರು ಅಡಿಯ ನೀರು ಬತ್ತಿತು, ಆರುನೂರು ಅಡಿಗೆ ಹೋದೆವು, ಹೋದಷ್ಟೂ ಇದು ಬಂತು.

ನಾನು ಇಪ್ಪತ್ತೈದು ವರ್ಷ ಊರೂರು ತಿರುಗಿ ನೀರು ಪರೀಕ್ಷೆ ಮಾಡಿದವನು. "ಸರ್, ಕಡಿಮೆ ಖರ್ಚಿನಲ್ಲಿ ಒಂದು ಒಳ್ಳೇ ಫಿಲ್ಟರ್ ಹೇಳಿ" ಅಂತ ಎಲ್ಲರೂ ಕೇಳುತ್ತಾರೆ. ಹೇಳ್ತೀನಿ, ಒಂದಲ್ಲ ಏಳೆಂಟು ಹೇಳ್ತೀನಿ. ಆದರೆ ಅಗ್ಗದ ವಿಧಾನ ಯಾವುದೇ ಆಗಲಿ, ದುಡ್ಡು ಕಡಿಮೆ ಕೇಳುತ್ತದೆ, ಗಮನ ಜಾಸ್ತಿ ಕೇಳುತ್ತದೆ. ದಿನಾ ಹತ್ತು ನಿಮಿಷ ಯಾರೋ ಒಬ್ಬರು ಅದರ ಹಿಂದೆ ಬೀಳಬೇಕು. ಆ ಒಬ್ಬರು ಯಾರು ಅಂತ ಗೊತ್ತಿಲ್ಲದ ಊರಿನಲ್ಲಿ ಲಕ್ಷದ ಮಷೀನೂ ಕೆಡುತ್ತದೆ, ಹತ್ತು ರೂಪಾಯಿ ಬಟ್ಟೆಯೂ ಕೆಡುತ್ತದೆ.

ಬಟ್ಟೆ ಅಂದೆ ಅಲ್ವಾ, ಅಲ್ಲಿಂದಲೇ ಶುರು ಮಾಡೋಣ. ಇಲ್ಲಿ ಅರವತ್ತು ದಾಟಿದವರು ಎಷ್ಟು ಜನ ಇದ್ದೀರಿ? ನಾರುಹುಣ್ಣು ನೋಡಿದವರು ಕೈ ಎತ್ತಿ. (ಹನ್ನೊಂದು ಕೈ ಮೇಲೆ ಬಂದವು. ಒಬ್ಬರು ಕಾಲು ಚಾಚಿ ಪಾದದ ಮೇಲಿನ ಗಾಯದ ಗುರುತೇ ತೋರಿಸಿದರು.) ಹುಡುಗರಿಗೆ ಗೊತ್ತಿರಲ್ಲ, ಹೇಳ್ತೀನಿ. ಮೆಟ್ಟಿಲು ಬಾವಿಯ ನೀರು ಕುಡಿದರೆ, ಅದರಲ್ಲಿರೋ ಸಾಸಿವೆಗಿಂತ ಸಣ್ಣ ನೀರುಹುಳದ ಹೊಟ್ಟೆಯಲ್ಲಿ ಇನ್ನೊಂದು ಹುಳದ ಮರಿ ಇರುತ್ತಿತ್ತು. ಅದು ನಮ್ಮ ಮೈಯೊಳಗೆ ಒಂದು ವರ್ಷ ಬೆಳೆದು, ಗೇಣುಗಟ್ಟಲೆ ಉದ್ದದ ದಾರ ಆಗಿ, ಕಾಲಿನಲ್ಲಿ ಬೊಬ್ಬೆ ಒಡೆದು ಹೊರಗೆ ಬರುತ್ತಿತ್ತು. ಉರಿ ತಡೀಲಾರದೆ ಆ ಕಾಲನ್ನು ಮತ್ತೆ ಬಾವಿ ನೀರಿನಲ್ಲೇ ಇಡುತ್ತಿದ್ದರು. ಹುಳ ಅಲ್ಲೇ ಮರಿ ಬಿಡುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಎಳೆಯೋದು ಬಿಟ್ಟರೆ ಬೇರೆ ಮದ್ದಿಲ್ಲ.

ಈ ರೋಗಕ್ಕೆ ಇವತ್ತಿಗೂ ಲಸಿಕೆ ಇಲ್ಲ, ಗುಳಿಗೆ ಇಲ್ಲ. ಆದರೂ ದೇಶದಿಂದ ಹೋಯಿತು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇತ್ತು. 1996ರಲ್ಲಿ ರಾಜಸ್ಥಾನದಲ್ಲಿ ಕೊನೇ ರೋಗಿ ಸಿಕ್ಕರು, 2000ದಲ್ಲಿ ಭಾರತ ನಾರುಹುಳದಿಂದ ಮುಕ್ತ ಅಂತ ಘೋಷಣೆ ಆಯಿತು. ಹೇಗೆ ಹೋಯಿತು? ಮೆಟ್ಟಿಲು ಬಾವಿಗೆ ಇಳಿಯೋದು ನಿಲ್ಲಿಸಿದರು, ಕೈಪಂಪು ಹಾಕಿದರು, ಬಾವಿಗೆ ಔಷಧಿ ಬಿಟ್ಟರು. ಮತ್ತೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿದರು. ಅಷ್ಟೇ. ಆ ನೀರುಹುಳ ಬಟ್ಟೆ ದಾಟಲ್ಲ.

ಹಾಗಂತ ಬಟ್ಟೆ ಎಲ್ಲದಕ್ಕೂ ಮದ್ದಲ್ಲ. ಕಾಲರಾ ತರೋ ಕ್ರಿಮಿ ಬಟ್ಟೆಯ ಸಂದಿಗಿಂತ ಎಷ್ಟೋ ಸಣ್ಣದು, ಸಲೀಸಾಗಿ ನುಸುಳುತ್ತದೆ. ಆದರೆ ಕೆರೆ ನೀರಿನಲ್ಲಿ ಆ ಕ್ರಿಮಿಯೂ ಇಂಥ ಸಣ್ಣ ಹುಳಗಳಿಗೆ ಅಂಟಿಕೊಂಡೇ ಬದುಕುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕಾಲ್‌ವೆಲ್ ಮತ್ತು ಜತೆಗಾರರು ಹೆಂಗಸರಿಗೆ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಲು ಹೇಳಿಕೊಟ್ಟರು. ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು ಅಂತ 2003ರಲ್ಲಿ ವರದಿ ಮಾಡಿದರು. ಇದರಲ್ಲಿ ಹಳೇ ಸೀರೆ ಅನ್ನೋದೇ ಮುಖ್ಯ. ಒಗೆದು ಒಗೆದು ನೂಲು ಉಬ್ಬಿ ಸಂದಿ ಸಣ್ಣದಾಗಿರುತ್ತದೆ. ಹೊಸ ಸೀರೆ ಹಾಳು ಮಾಡಬೇಡಿ. ಸೋಸಿದ ಮೇಲೆ ಬಟ್ಟೆ ತೊಳೆದು ಬಿಸಿಲಿಗೆ ಹಾಕಬೇಕು, ಮರುದಿನ ಅದೇ ಮಗ್ಗುಲು ಮೇಲೆ ಬರಬೇಕು. ತಿರುವಿ ಕಟ್ಟಿದರೆ ನಿನ್ನೆ ಹಿಡಿದಿದ್ದ ಹುಳ ಇವತ್ತು ಕೊಡಕ್ಕೆ ಬೀಳುತ್ತದೆ. ಅಂಚಿಗೆ ಒಂದು ಕೆಂಪು ದಾರದ ಹೊಲಿಗೆ ಹಾಕಿ, ಗುರುತಿಗೆ.

ಇನ್ನು ಕಾಲುವೆ ನೀರು. ಕುಷ್ಟಗಿ ಕಡೆಯವರಿಗೆ ಇದು ಅಷ್ಟು ಗೊತ್ತಿರಲ್ಲ, ಆದರೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಕೊಟ್ಟ ಹೆಣ್ಣುಮಕ್ಕಳಿದ್ದಾರೆ ನಿಮಗೆ, ಅವರನ್ನು ಕೇಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಊರ ಕೆರೆ ತುಂಬಿಸಿಕೊಳ್ಳುತ್ತಾರೆ, ಕಾಲುವೆ ಬಂದ್ ಆದ ಮೇಲೆ ಬೇಸಿಗೆಯೆಲ್ಲ ಅದನ್ನೇ ಕುಡಿಯುತ್ತಾರೆ. ಮಳೆಗಾಲದಲ್ಲಿ ಕೆಂಪು ರಾಡಿ, ಏಪ್ರಿಲ್‌ನಲ್ಲಿ ಹಸಿರು ಪಾಚಿ. ಇಂಥ ನೀರಿಗೆ ಪಟಿಕ ತಿಕ್ಕೋದು ಎಲ್ಲರಿಗೂ ಗೊತ್ತು. ಹಳಬರು ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು. ಒಣಗಿದ ನುಗ್ಗೆ ಬೀಜದ ಪುಡಿಯೂ ಅದೇ ಕೆಲಸ ಮಾಡುತ್ತದೆ. ರಾಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ, ಇವು ಆ ಜಗಳ ಬಿಡಿಸಿ ಒಟ್ಟಿಗೆ ಕೂರಿಸುತ್ತವೆ. ನುಗ್ಗೆ ಹಾಕಿದ ನೀರನ್ನು ಮಾತ್ರ ಅವತ್ತೇ ಮುಗಿಸಬೇಕು, ಇಟ್ಟರೆ ಹಳಸುತ್ತದೆ. ಮತ್ತೆ ತಿಳಿ ನೀರು ಅಂದರೆ ಶುದ್ಧ ನೀರು ಅಂತಲ್ಲ. ತಿಳಿ ಮಾಡೋದು ಮೊದಲ ಮೆಟ್ಟಿಲು, ಕ್ರಿಮಿ ಕೊಲ್ಲೋದು ಎರಡನೇದು. ರಾಡಿ ನೀರಿಗೆ ಬ್ಲೀಚಿಂಗ್ ಹಾಕಿದರೆ ಅರ್ಧ ಪೌಡರು ರಾಡಿಗೇ ಹೋಗುತ್ತದೆ.

ಮರಳಿನ ವಿಷಯ ಹೇಳದೆ ಹೇಗೆ ಬಿಡಲಿ? ನನ್ನ ಅವ್ವ ಹಳ್ಳದ ಒರತೆ ನೀರು ತರುತ್ತಿದ್ದಳು. ಹಳ್ಳದ ಮರಳಿನಲ್ಲಿ ಮೊಣಕೈ ಆಳ ಬಗೆದು ಕೂರೋದು. ಮೊದಲು ಬಂದ ನೀರು ಚೆಲ್ಲೋದು, ಎರಡನೇ ಸಲದ್ದೂ ಚೆಲ್ಲೋದು, ಮೂರನೇ ಸಲ ಬಂದ ಕಣ್ಣೀರಿನಂಥ ನೀರನ್ನು ಬಟ್ಟಲಿನಿಂದ ಮೊಗೆದು ಕೊಡಕ್ಕೆ ಹಾಕೋದು. ಒಂದು ಕೊಡ ತುಂಬಲು ಅರ್ಧ ಗಂಟೆ. ನಾನು ಪಕ್ಕದಲ್ಲಿ ಮರಳಿನ ಗುಡಿ ಕಟ್ಟುತ್ತ ಕೂತಿರುತ್ತಿದ್ದೆ. ಎಷ್ಟೋ ವರ್ಷ ಆದ ಮೇಲೆ ಪುಸ್ತಕದಲ್ಲಿ ಓದಿದೆ, ನದಿ ದಂಡೆಯ ಮರಳಿನಲ್ಲಿ ಸೋಸಿದ ನೀರನ್ನು ಯುರೋಪಿನ ದೊಡ್ಡ ದೊಡ್ಡ ನಗರಗಳೇ ಕುಡಿಯುತ್ತವಂತೆ. ಈಗ ಆ ಹಳ್ಳದಲ್ಲಿ ಮರಳೇ ಇಲ್ಲ, ಟ್ರ್ಯಾಕ್ಟರಿಗೆ ಹೋಯಿತು. ಬಗೆದರೆ ಎರೆ ಮಣ್ಣು ಬರುತ್ತದೆ.

ಅದೇ ಒರತೆಯನ್ನು ತೊಟ್ಟಿಯಲ್ಲಿ ಕಟ್ಟಿದರೆ ನಿಧಾನ ಮರಳು ಸೋಸುಕ. ಕೆರೆ ಪಕ್ಕ ಎಷ್ಟೋ ಕಡೆ ಇದೆ. ಅದರಲ್ಲಿ ಕೆಲಸ ಮಾಡೋದು ಬರೀ ಮರಳಲ್ಲ. ನೀರು ಹರೀತಾ ಹರೀತಾ ಮರಳಿನ ಮೇಲೆ ಒಂದು ಲೋಳೆ ಪದರ ಕಟ್ಟುತ್ತದೆ, ಅದರಲ್ಲಿ ನಮಗೆ ತೊಂದರೆ ಮಾಡದ ಜೀವಿಗಳಿರುತ್ತವೆ, ಅವು ಕೆಟ್ಟ ಕ್ರಿಮಿಗಳನ್ನು ತಿಂದು ಬದುಕುತ್ತವೆ. ಪದರ ಬಲಿಯಲು ಎರಡು ಮೂರು ವಾರ ಬೇಕು. ನೀರು ಇಳಿಯೋದು ತೀರಾ ನಿಧಾನ ಆದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಹೆರೆದು ತೆಗೆಯಬೇಕು. ಇದು ನನಗೆ ಕೆಲಸದ ಮೊದಲ ವರ್ಷ ಗೊತ್ತಿರಲಿಲ್ಲ. ಒಂದೂರಿನಲ್ಲಿ ಆ ಲೋಳೆ ನೋಡಿ ನನಗೇ ಅಸಹ್ಯ ಆಗಿ, ವಾಟರ್‌ಮನ್ ಅಣ್ಣನಿಗೆ ಬೈದು, ಮರಳೆಲ್ಲ ತೆಗೆಸಿ, ಕ್ಲೀನಾಗಿ ತೊಳೆಸಿ ತುಂಬಿಸಿದ್ದೆ. ಮೂರು ದಿನ ಪಾಪ ಬಿಸಿಲಿನಲ್ಲಿ ದುಡಿದ. ಒಳ್ಳೇ ಫಿಲ್ಟರನ್ನು ಬರೀ ಮರಳಿನ ಗುಡ್ಡೆ ಮಾಡಿ ಬಂದಿದ್ದೆ. ಅವನಿಗೆ ಇವತ್ತಿಗೂ ಆ ವಿಷಯ ಹೇಳಿಲ್ಲ.

ಈಗ ಬ್ಲೀಚಿಂಗ್ ಪೌಡರ್. ಇದರ ಬಗ್ಗೆ ಜಾಸ್ತಿ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. 2022ರಲ್ಲಿ ರಾಯಚೂರು ನಗರದಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತರು. ಮರುವರ್ಷ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ವಾಂತಿ ಭೇದಿಯ ಸುದ್ದಿ ಬಂತು. ಫ್ಲೋರೈಡ್ ವರ್ಷಗಟ್ಟಲೆ ತಿನ್ನುತ್ತದೆ, ಇದು ಎರಡು ದಿನದಲ್ಲಿ ಮಗುವನ್ನು ತಗೊಂಡು ಹೋಗುತ್ತದೆ. ಮೊದಲು ಯಾವುದಕ್ಕೆ ಓಡಬೇಕು ಅಂತ ಕೇಳಿದರೆ ನಾನು ಇದಕ್ಕೇ ಅಂತೀನಿ.

ನಿಮ್ಮ ವಾಟರ್‌ಮನ್ ಇಲ್ಲೇ ಇದ್ದಾರೆ, ಅವರನ್ನು ಬೈಯಲು ಹೇಳ್ತಾ ಇಲ್ಲ. ಎಲ್ಲಾ ಊರಲ್ಲೂ ಇದೇ ಕಥೆ. ಸೋಮವಾರ ಟ್ಯಾಂಕು ಹತ್ತಿ ಒಂದು ಡಬ್ಬಿ ಪೌಡರ್ ಸುರಿಯೋದು, ಮತ್ತೆ ಮುಂದಿನ ಸೋಮವಾರ. ಸೋಮವಾರ ನೀರು ಆಸ್ಪತ್ರೆ ವಾಸನೆ ಹೊಡೆಯುತ್ತದೆ, ಜನ ಬೈತಾರೆ. ಗುರುವಾರದ ಹೊತ್ತಿಗೆ ಅದರಲ್ಲಿ ಏನೂ ಉಳಿದಿರಲ್ಲ, ಯಾರೂ ಬೈಯಲ್ಲ. ಬೈಯಬೇಕಾದ್ದು ಗುರುವಾರ.

ಲೆಕ್ಕ ಕಷ್ಟ ಇಲ್ಲ. 50,000 ಲೀಟರಿನ ಟ್ಯಾಂಕು ಅಂತಿಟ್ಟುಕೊಳ್ಳಿ. ಪೌಡರಿನಲ್ಲಿ ಕ್ರಿಮಿ ಕೊಲ್ಲೋದು ಕ್ಲೋರಿನ್, ಅದನ್ನು ಲೀಟರಿಗೆ 2 ಮಿಲಿಗ್ರಾಂ ಹಾಕಬೇಕು ಅಂದರೆ ಒಟ್ಟು 100 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರ್ ಸಾಕು. ಆದರೆ ಆ 25 ಭಾಗ ನಿಜವಾಗಿ ಇದೆಯಾ? ಹೊಸ ಪೌಡರಿನಲ್ಲಿ 33ರ ತನಕ ಇರುತ್ತದೆ. ಪಂಚಾಯ್ತಿ ಕೋಣೆಯ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲ, ಮೇಲೆ ತಗಡಿನ ಶೀಟು, ಏಪ್ರಿಲ್ ಬಿಸಿಲು. ದಿನಾ ಒಂದಿಷ್ಟು ಗಾಳಿಗೆ ಹೋಗುತ್ತದೆ. ನಾನು ನೋಡಿದ ಕೆಲವು ಚೀಲಗಳಲ್ಲಿ ಉಳಿದಿದ್ದು ಸುಣ್ಣ ಮಾತ್ರ, ಗೋಡೆಗೆ ಬಳಿಯಬಹುದಿತ್ತು. ಮುಚ್ಚಳ ಗಟ್ಟಿ ಇರೋ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಇಡಿ. ಎರಡು ತಿಂಗಳಿಗೆ ಆಗೋವಷ್ಟೇ ತರಿಸಿ.

ಹಾಕೋ ರೀತಿಯೂ ಇದೆ. ಪೌಡರನ್ನು ನೇರ ಟ್ಯಾಂಕಿಗೆ ಸುರಿದರೆ ಸುಣ್ಣ ತಳ ಹಿಡಿಯುತ್ತದೆ. ಬಕೆಟ್ಟಿನಲ್ಲಿ ಮೊದಲು ಪೇಸ್ಟ್ ಮಾಡಿ, ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ. ಅರ್ಧ ಗಂಟೆ ಆದ ಮೇಲೆ ವಾಲ್ ತೆಗೆಯಬೇಕು, ಕ್ರಿಮಿ ಸಾಯಲು ಅಷ್ಟು ಹೊತ್ತು ಬೇಕು. ಸೇದೋ ಬಾವಿ ಇದ್ದವರಿಗೆ ನಾಗಪುರದ ನೀರಿ (NEERI, ಪರಿಸರ ಎಂಜಿನಿಯರಿಂಗ್ ಸಂಶೋಧನೆ ಮಾಡೋ ರಾಷ್ಟ್ರೀಯ ಸಂಸ್ಥೆ) ಸಂಸ್ಥೆಯವರ ಹಳೇ ಉಪಾಯ ಒಂದಿದೆ, ಜೋಡಿ ಮಡಿಕೆ ಅಂತ. ಸಣ್ಣ ಮಡಿಕೆಯಲ್ಲಿ ಒಂದು ಕೆಜಿ ಬ್ಲೀಚಿಂಗ್, ಎರಡು ಕೆಜಿ ದಪ್ಪ ಮರಳು ಕಲಸಿ ತುಂಬಿ, ಅದನ್ನು ದೊಡ್ಡ ಮಡಿಕೆಯೊಳಗೆ ಇಟ್ಟು, ಎರಡಕ್ಕೂ ಒಂದೊಂದು ತೂತು ಮಾಡಿ, ಬಾಯಿ ಕಟ್ಟಿ ಬಾವಿಗೆ ಇಳಿಬಿಡೋದು. ಮನೆಮಟ್ಟಿನ ಬಾವಿಯಾದರೆ ಎರಡು ಮೂರು ವಾರ ಕ್ಲೋರಿನ್ ತಾನೇ ಸ್ವಲ್ಪ ಸ್ವಲ್ಪ ಇಳಿಯುತ್ತಿರುತ್ತದೆ. ಕುಂಬಾರಣ್ಣನಿಗೂ ಎರಡು ಮಡಿಕೆ ವ್ಯಾಪಾರ.

ಇವತ್ತು ಬೆಳಿಗ್ಗೆ ನಿಮ್ಮೂರಿನಲ್ಲಿ ಮೂರು ಕಡೆ ನಲ್ಲಿ ನೀರು ಹಿಡಿದೆ. ಟ್ಯಾಂಕಿನ ಬುಡದಲ್ಲಿ ಕ್ಲೋರಿನ್ ಇತ್ತು, ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದ ಕೂಡಲೇ ಹಳದಿ ಬಂತು. ಬಸ್‌ಸ್ಟ್ಯಾಂಡ್ ಹತ್ತಿರದ ಗುಮ್ಮಿಯಲ್ಲಿ, ಅಂದರೆ ಸಣ್ಣ ಟ್ಯಾಂಕಿನ ನಲ್ಲಿಯಲ್ಲಿ, ತಿಳಿ ಹಳದಿ. ಕೊನೇ ಓಣಿಯಲ್ಲಿ ಏನೂ ಇಲ್ಲ, ನೀರು ಹೇಗಿತ್ತೋ ಹಾಗೇ. ಕೊನೇ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು, ಅದು ನಿಯಮ. ನಡುವೆ ಎಲ್ಲಿ ಹೋಯಿತು ಅಂತ ಪೈಪಿನ ದಾರಿ ಹಿಡಿದು ನಡೆದೆ. ಎರಡು ಕಡೆ ಪೈಪು ಚರಂಡಿಯೊಳಗೇ ಹಾದಿದೆ. ವಾಲ್ ಗುಂಡಿಯಲ್ಲಿ ಕರೀ ನೀರು ನಿಂತಿದೆ, ಅದರಲ್ಲಿ ಒಂದು ಚಪ್ಪಲಿ ತೇಲುತ್ತಿತ್ತು. ನೀರು ಬಿಟ್ಟಾಗ ಪೈಪಿನಿಂದ ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಪೈಪು ಖಾಲಿಯಾಗಿ, ಹೊರಗಿನ ಕೊಳೆಯನ್ನು ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಯಾರೋ ನಲ್ಲಿಗೆ ಮೋಟಾರು ಹಚ್ಚಿದರಂತೂ ಕೇಳಲೇಬೇಡಿ, ಹೀರಿ ಹೀರಿ ಚರಂಡಿಯನ್ನೇ ಮನೆಗೆ ತರುತ್ತದೆ. (ಇಲ್ಲಿ ಸಭೆಯಲ್ಲಿ ಗುಸುಗುಸು ಶುರುವಾಯಿತು. ಯಾರ ಮನೆಯಲ್ಲಿ ಮೋಟಾರು ಇದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ನಾನು ಮುಂದಕ್ಕೆ ಹೋದೆ.)

ಕಾಯಿಸಿ ಕುಡಿಯಿರಿ ಅಂತ ಡಾಕ್ಟರು ಹೇಳೋದು ಇದಕ್ಕೇ. ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಹತ್ತು ನಿಮಿಷ ಕುದಿಸಿ ಗ್ಯಾಸು ಹಾಳು ಮಾಡಬೇಡಿ. ಆದರೆ ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ, ಅಂದರೆ ಉಳಿದ ನೀರಿನಲ್ಲಿ ಇನ್ನೂ ಜಾಸ್ತಿ ಆಗುತ್ತದೆ. ನೀರಿನಲ್ಲಿ ಕರಗಿರೋ ನೈಟ್ರೇಟ್, ಆರ್ಸೆನಿಕ್‌ನಂಥ ವಿಷಗಳೆಲ್ಲಾ ಹಾಗೇ. ಹೊಲಕ್ಕೆ ಹೋಗೋರಿಗೆ ಇನ್ನೊಂದು ದಾರಿ, ಬಿಸಿಲು. ನಮ್ಮ ಕಡೆ ಅದಕ್ಕೇನು ಬರ? ಬಣ್ಣ ಇಲ್ಲದ ಪ್ಲಾಸ್ಟಿಕ್ ಬಾಟಲಿ, ಎರಡು ಲೀಟರಿಗಿಂತ ದೊಡ್ಡದು ಬೇಡ, ತಿಳಿ ನೀರು ತುಂಬಿ ತಗಡಿನ ಮೇಲೆ ಆರು ಗಂಟೆ ಮಲಗಿಸಿ. ಮೋಡ ಇದ್ದರೆ ಎರಡು ದಿನ. ಬಾಟಲಿಯನ್ನು ಪೇಪರಿನ ಮೇಲೆ ನಿಲ್ಲಿಸಿ ಮೇಲಿಂದ ನೋಡಿದಾಗ ದಪ್ಪ ಅಕ್ಷರ ಓದಲು ಬಂದರೆ ನೀರು ಸಾಕಷ್ಟು ತಿಳಿ ಇದೆ ಅಂತ ಲೆಕ್ಕ. ಕ್ರಿಮಿ ಸಾಯೋದು ಮುಖ್ಯವಾಗಿ ಶಾಖಕ್ಕಲ್ಲ, ಬಿಸಿಲಿನ ಅತಿನೇರಳೆ ಕಿರಣಕ್ಕೆ.

ಈಗ ಫ್ಲೋರೈಡಿಗೆ ಬರೋಣ. ಇದು ಕಷ್ಟದ ಗಿರಾಕಿ. ನಮ್ಮ ದೇಶದಲ್ಲೇ ಹುಟ್ಟಿದ ಒಂದು ವಿಧಾನಕ್ಕೆ ನಲ್ಗೊಂಡ ವಿಧಾನ ಅಂತ ಹೆಸರು. ಇದೂ ನೀರಿ ಸಂಸ್ಥೆಯವರದೇ, ಆಗಿನ ಆಂಧ್ರದ ನಲ್ಗೊಂಡ ಜಿಲ್ಲೆಯ ಹೆಸರು ಇಟ್ಟರು. ಪಟಿಕ, ಸುಣ್ಣ, ಬ್ಲೀಚಿಂಗ್ ಮೂರೇ ಸಾಮಾನು. ಬಕೆಟ್ಟಿಗೆ ಲೆಕ್ಕ ಪ್ರಕಾರ ಹಾಕಿ ಮೊದಲು ಜೋರಾಗಿ, ಆಮೇಲೆ ಹತ್ತು ನಿಮಿಷ ನಿಧಾನಕ್ಕೆ ತಿರುವಿ, ಒಂದು ಗಂಟೆ ಬಿಟ್ಟರೆ ಫ್ಲೋರೈಡ್ ಹತ್ತಿಯಂಥ ಗಸಿಯ ಜತೆ ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಕುಡಿಯಬಹುದು. ಆದರೆ ಪಟಿಕ ಎಷ್ಟು ಅನ್ನೋದು ನೀರು ನೋಡಿ ಬದಲಾಗುತ್ತದೆ. ಸುಮ್ನೆ ಅಂದಾಜಿಗೆ ಹಾಕಿದರೆ ಫ್ಲೋರೈಡ್ ಉಳಿಯಬಹುದು, ಇಲ್ಲವೇ ನೀರಿನಲ್ಲಿ ಅಲ್ಯೂಮಿನಿಯಂ ಜಾಸ್ತಿ ಆಗಬಹುದು. ಕೂಲಿ ಮುಗಿಸಿ ಸಂಜೆ ಆರಕ್ಕೆ ಬಂದ ಹೆಂಗಸು ದಿನಾ ಕೋಲು ಹಿಡಿದು ಇದನ್ನು ತಿರುವುತ್ತ ಕೂರಬೇಕು ಅಂತ ಯೋಜನೆ ಮಾಡಿದವರು ಎಂದಾದರೂ ತಿರುವಿದ್ದರಾ ಅಂತ ನನಗೆ ಅನುಮಾನ.

ಇನ್ನೊಂದು ಅಲ್ಯೂಮಿನಾ ಫಿಲ್ಟರ್. ಬಿಳೀ ಸಾಬಕ್ಕಿಯಂಥ ಕಾಳು, ಅದರ ಮೂಲಕ ನೀರು ಇಳಿದರೆ ಫ್ಲೋರೈಡ್ ಕಾಳಿಗೆ ಅಂಟುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ತಿಂಗಳಾದ ಮೇಲೆ ಕಾಳು ತುಂಬಿಹೋಗುತ್ತದೆ, ಆಗ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಸಿಡ್ಡಿನಲ್ಲಿ ಸರಿ ಮಾಡಿ ಮತ್ತೆ ತುಂಬಬೇಕು. ನಾನು ಹುಡುಗನಾಗಿದ್ದಾಗ ಒಂದು ಯೋಜನೆಯಲ್ಲಿ ಒಂದೂರಿನ ಮನೆಮನೆಗೆ ಹಂಚಿ ಬಂದಿದ್ದೆ. ಎರಡು ವರ್ಷ ಬಿಟ್ಟು ಹೋದರೆ ಒಂದು ಮನೆಯಲ್ಲಿ ಸ್ಟೀಲಿನ ಫಿಲ್ಟರು ಫಳಫಳ ಹೊಳೀತಾ ಇದೆ. ಖುಷಿಯಾಗಿ ಮುಚ್ಚಳ ತೆಗೆದೆ. ತುಂಬ ಬಿಳಿಜೋಳ. "ಏನ್ ಮಾಡ್ಲಿ ಸಾಹೇಬ್ರ, ತೊಳ್ಯಾಕ ಬರ್ತೀವಿ ಅಂದವ್ರು ಬರ್ಲೇ ಇಲ್ಲ. ಇಲಿ ಕಾಟ ಭಾಳ ಇತ್ತು, ಜೋಳನಾದ್ರೂ ಇಡೂನು ಅಂತ ಇಟ್ಟೀನಿ" ಅಂದಳು ಆ ತಾಯಿ. ತೊಳೆಯಲು ಬರ್ತೀವಿ ಅಂದವರಲ್ಲಿ ನಾನೂ ಒಬ್ಬ.

ಆಮೇಲೆ ಆರ್‌ಓ ಬಂತು, ನೀರನ್ನು ತೆಳು ಪರದೆಯಲ್ಲಿ ಒತ್ತಿ ಸೋಸೋ ಮಷೀನು, ನೀವು ಕಾಯಿನ್ ಹಾಕಿ ತರೋ ಫಿಲ್ಟರ್ ನೀರು ಅದರದ್ದೇ. ಒಳ್ಳೇದಾಯಿತು. ಫ್ಲೋರೈಡ್, ಸವಳು ಎರಡನ್ನೂ ತೆಗೆಯುತ್ತದೆ. ಆದರೆ ಕೊಡ ನೀರಿಗೆ ಹತ್ತಿರ ಹತ್ತಿರ ಇನ್ನೊಂದು ಕೊಡ ಹೊರಗೆ ಚೆಲ್ಲುತ್ತದೆ, ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. ಆ ನೀರನ್ನು ಪಾಯಿಖಾನೆಗೆ, ನೆಲ ತೊಳೆಯಲು ತಿರುಗಿಸಿ, ರಸ್ತೆಗೆ ಬಿಡಬೇಡಿ. ಪರದೆ ಕಟ್ಟಿಕೊಂಡಾಗ ಬದಲಾಯಿಸಲು ದುಡ್ಡು ಬೇಕು, ಬೇಸಿಗೆಯಲ್ಲಿ ಬೋರೇ ನಿಂತರೆ ಘಟಕಕ್ಕೆ ಬೀಗ.

ನನಗೆ ತುಂಬಾ ಇಷ್ಟದ ಲೆಕ್ಕ ಒಂದಿದೆ, ಕೇಳಿ. ಫ್ಲೋರೈಡ್ ಇಲ್ಲದ ನೀರು ಬೇಕಾಗಿರೋದು ಕುಡಿಯಲು, ಅಡಿಗೆಗೆ ಮಾತ್ರ. ಸ್ನಾನಕ್ಕೆ, ದನಕರು ತೊಳೆಯಲು ಯಾವ ನೀರಾದರೂ ನಡೆಯುತ್ತದೆ. ತಲೆಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. ಐದು ಜನರ ಮನೆಗೆ ವರ್ಷಕ್ಕೆ 9,125 ಲೀಟರ್. ನಮ್ಮ ಕಡೆ ಮಳೆ ಕಡಿಮೆ, ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್. ಹತ್ತಡಿ ಇಪ್ಪತ್ತಡಿಯ ತಗಡಿನ ಶೀಟಿನ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 11,000 ಲೀಟರ್. ಐದನೇ ಒಂದು ಪಾಲು ಚೆಲ್ಲಿ ಹೋಯಿತು ಅಂದರೂ 9,000 ಹತ್ತಿರ ಉಳಿಯುತ್ತದೆ. ನೋಡಿ, ಬರದ ಜಿಲ್ಲೆ ಅಂತೀವಿ, ಎರಡು ಎಮ್ಮೆ ಕಟ್ಟೋ ಶೆಡ್ಡಿನ ತಗಡಿನ ಮೇಲೆ ಇಡೀ ಮನೆಯ ಕುಡಿಯೋ ನೀರು ಬಿದ್ದು ಹರಿದು ಹೋಗ್ತಾ ಇದೆ. ಮಣ್ಣಿನ ಮಾಳಿಗೆಯಿಂದ ಹಿಡಿಯೋದು ಕಷ್ಟ, ತಗಡು ಅಥವಾ ಆರ್‌ಸಿಸಿ ಬೇಕು. ಮೊದಲ ಮಳೆ ಚೆಲ್ಲಿ, ಧೂಳು, ಹಕ್ಕಿ ಹಿಕ್ಕೆ ಎಲ್ಲಾ ಹೋಗಲಿ. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಿ, ಕುಡಿಯೋ ಮುಂಚೆ ಕ್ಲೋರಿನ್ ಹನಿ ಹಾಕಿ ಇಲ್ಲವೇ ಕಾಯಿಸಿ. ಖರ್ಚು ಇರೋದು ತೊಟ್ಟಿಗೆ, ಅದನ್ನು ಮುಚ್ಚಿಡಲ್ಲ. ಅಷ್ಟು ದೊಡ್ಡ ತೊಟ್ಟಿ ಆಗದಿದ್ದರೆ ಸಣ್ಣದು ಕಟ್ಟಿ, ಮಳೆ ನೀರು ಬೋರಿನ ನೀರು ಅರ್ಧರ್ಧ ಬೆರೆಸಿ. 3 ಇದ್ದ ಫ್ಲೋರೈಡ್ 1.5ಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿ ಮನೆಗೆ ತಂದ ನೀರು ಅಡಿಗೆಮನೆಯಲ್ಲಿ ಕೆಡುತ್ತದೆ. ಹರವಿಯ ಬಾಯಿ ದೊಡ್ಡದು, ಚರಿಗೆ ಅದ್ದಿ ತೆಗೆಯುತ್ತೀವಿ, ನಾಲ್ಕು ಬೆರಳು ನೀರಿನಲ್ಲಿ. ಮಗು ಆಡಿ ಬಂದು ಅದ್ದುತ್ತದೆ, ದನಕ್ಕೆ ಹುಲ್ಲು ಹಾಕಿದ ಕೈ ಅದ್ದುತ್ತದೆ. ಕೆಳಗೆ ನಲ್ಲಿ ಇರೋ ಪಾತ್ರೆ ತಗೊಳ್ಳಿ, ಇಲ್ಲಾಂದ್ರೆ ಉದ್ದ ಹಿಡಿಕೆಯ ಸೌಟು ಒಂದನ್ನು ಗೋಡೆಗೆ ತೂಗು ಹಾಕಿ.

ಪ್ರಶ್ನೆ ಕೇಳಿ ಅಂದಾಗ ಲಿಂಗಸುಗೂರು ಕಡೆಯಿಂದ ಮದುವೆಯಾಗಿ ಬಂದ ಒಬ್ಬ ಹುಡುಗಿ ಆರ್ಸೆನಿಕ್ ಬಗ್ಗೆ ಕೇಳಿದಳು. ಒಳ್ಳೇ ಪ್ರಶ್ನೆ. ಹಟ್ಟಿಯ ಚಿನ್ನದ ಪಟ್ಟಿಯ ಕಲ್ಲಿನಲ್ಲಿ ಆರ್ಸೆನಿಕ್ ಇರುತ್ತದೆ, ಆ ಸುತ್ತಿನ ಕೆಲವು ಬೋರುಗಳಲ್ಲಿ ಸಿಕ್ಕಿದೆ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಫ್ಲೋರೈಡಿನ ನೂರರಲ್ಲಿ ಒಂದು ಪಾಲು. ನೇಪಾಳದಲ್ಲಿ ಮರಳಿನ ಫಿಲ್ಟರಿನ ಮೇಲೆ ತುಕ್ಕು ಹಿಡಿದ ಮೊಳೆ ಹರಡಿ ಆರ್ಸೆನಿಕ್ ಹಿಡಿಯುತ್ತಾರೆ, ತುಕ್ಕಿಗೆ ಅದು ಅಂಟುತ್ತದೆ. ಆದರೆ ನಾನು ನಿನಗೆ ಮೊಳೆ ಹೇಳಲ್ಲ ತಂಗಿ. ಬೋರು ಪರೀಕ್ಷೆ ಮಾಡಿಸಿ, ಇದ್ದರೆ ಆ ಬೋರಿನದು ಕುಡಿಯೋದು ನಿಲ್ಲಿಸಿ, ಬೇರೆ ನೀರು ತರಿಸಿಕೊಳ್ಳಿ.

ವಾಟರ್‌ಮನ್ ಅಣ್ಣ ಎದ್ದು ನಿಂತು, "ದಿನಾ ಟ್ಯಾಂಕ್ ಹತ್ತೂದು ನಾ ಹತ್ತೀನ್ರೀ. ಹತ್ತಿದ್ನೋ ಇಲ್ಲೋ ಅಂತ ನೋಡೂರ್ ಯಾರು?" ಅಂದರು. ಇಡೀ ಸಭೆಯಲ್ಲಿ ಇದಕ್ಕಿಂತ ಒಳ್ಳೇ ಮಾತು ಯಾರೂ ಆಡಲಿಲ್ಲ, ನಾನೂ ಸೇರಿ. ಕೊನೇ ಓಣಿಯ ನಲ್ಲಿ ನೀರಿಗೆ ದಿನಾ ಬೆಳಿಗ್ಗೆ ಹನಿ ಹಾಕಿ ನೋಡೋದು ಸಂಘದ ಇಬ್ಬರು ಹೆಂಗಸರ ಪಾಲಿಗೆ ಬಂತು. ಬಣ್ಣ ಬಂದರೆ ಒಂದು ಗುರುತು, ಬರದಿದ್ದರೆ ಇನ್ನೊಂದು, ಶಾಲೆ ಗೋಡೆಯ ಕ್ಯಾಲೆಂಡರ್ ಮೇಲೆ.

ಹೊರಡೋ ಮುಂಚೆ ಏಳನೇ ತರಗತಿ ಮಕ್ಕಳ ಕೈಗೆ ಮೂರು ಸಣ್ಣ ಬಾಟಲಿ ಕೊಟ್ಟೆ. ಒಳಗೆ ಔಷಧಿ ಸವರಿದ ಕಾಗದದ ಚೂರು ಇರುತ್ತದೆ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಸರಳ ಪರೀಕ್ಷೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಕ್ರಿಮಿ ಸೇರಿದ ನೀರಾಗಿದ್ದರೆ ಕಪ್ಪಾಗುತ್ತದೆ. ಅಜ್ಜಿ ರುಚಿ ನೋಡಿದ ಅದೇ ಮೂರು ನೀರು ಅದಕ್ಕೆ ತುಂಬಿಸಿದೆ, ಬಾಟಲಿ ಮೇಲೆ ಹೆಸರು ಬರೆಸಿದೆ, ಏನಾಯಿತು ಅಂತ ಫೋನ್ ಮಾಡಿ ಅಂದೆ.

ಎರಡನೇ ದಿನ ಸಂಜೆ ಮೇಷ್ಟ್ರ ಫೋನಿನಿಂದ ಒಬ್ಬ ಹುಡುಗ ಮಾತಾಡಿದ. "ಸರ್, ನಳದ್ದು ಕರ್ರಗಾತು." ಅದು ಗೊತ್ತಿದ್ದದ್ದೇ. "ಗುಡಿ ನೀರು ಏನೂ ಆಗಿಲ್ರೀ." ಅದೂ ಸರಿ, ಬೋರಿನ ಆಳದ ನೀರು, ಫ್ಲೋರೈಡ್ ಇದ್ದರೂ ಕ್ರಿಮಿ ಇಲ್ಲ. "ಮತ್ತ ಫಿಲ್ಟರ್ ನೀರಿಂದೂ ಕರ್ರಗಾತ್ರೀ ಸರ್." ಆರ್‌ಓ ನೀರಿನಲ್ಲಿ ಕ್ಲೋರಿನ್ ಉಳಿದಿರಲ್ಲ, ಕ್ಯಾನು ಕೊಳೆ ಇದ್ದರೆ ಕ್ರಿಮಿ ಆರಾಮಾಗಿ ಬೆಳೆಯುತ್ತದೆ. ಆ ಕ್ಯಾನು ಎಲ್ಲಿಯದು ಅಂತ ಕೇಳಿದೆ. ಶಾಲೆಯದೇ, ಮೇಷ್ಟ್ರು ಕುಡಿಯೋದಂತೆ. ಒಳಗೆ ಕೈ ಹಾಕಿ ತೊಳೆದು ಎಷ್ಟು ದಿನ ಆಯಿತು ಅಂತ ಕೇಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗ ದನಿ ತಗ್ಗಿಸಿ ಹೇಳಿದ: "ಕೈ ಹೋಗಂಗಿಲ್ರೀ ಸರ್, ಅದರ ಬಾಯಿ ಸಣ್ಣದೈತಿ."